ಕೈಕೆಲಸದ ಶುಭಾಶಯ ಪತ್ರಗಳು

ಹುಟ್ಟುಹಬ್ಬ, ಮದುವೆ, ಹಬ್ಬಹರಿದಿನ, ಕೃತಜ್ಞತೆ, ಸಾಂತ್ವನ ಮೊದಲಾದ ಸಂದರ್ಭಗಳಿಗೆ ಅಂಗಡಿಯಿಂದ ಕೊಳ್ಳದೆ ಮನೆಯಲ್ಲೇ ತಯಾರಿಸುವ ಗ್ರೀಟಿಂಗ್ ಕಾರ್ಡುಗಳು. ಸ್ಟ್ಯಾಂಪಿನಿಂದ ಚಿತ್ರ ಮತ್ತು ಅಕ್ಷರಗಳನ್ನು ಒತ್ತುವುದು, ಇಂಕಿನಿಂದ ಬಣ್ಣ ಕೊಡುವುದು, ಡೈಯಿಂದ ಕಾಗದವನ್ನು ಬೇಕಾದ ಆಕಾರಕ್ಕೆ ಕತ್ತರಿಸುವುದು ಇವುಗಳ ತಯಾರಿಕೆಯ ಮೂರು ಮುಖ್ಯ ವಿಧಾನಗಳು. ಅಮೆರಿಕ, ಬ್ರಿಟನ್, ನೆದರ್‌ಲೆಂಡ್ಸ್, ಆಸ್ಟ್ರೇಲಿಯಗಳಲ್ಲಿ ಇದು ದೊಡ್ಡ ಹವ್ಯಾಸವಾಗಿ ಬೆಳೆದಿದೆ. ಅಕ್ಟೋಬರ್ ತಿಂಗಳ ಮೊದಲ ಶನಿವಾರವನ್ನು ಹವ್ಯಾಸಿಗಳು ವಿಶ್ವ ಕಾರ್ಡ್ ತಯಾರಿಕೆ ದಿನವೆಂದು ಆಚರಿಸುತ್ತಾರೆ.

ಮೂರೂ ವಿಧಾನಗಳು ಮೂಲತಃ ಮುದ್ರಣಾಲಯ, ಕಚೇರಿ ಮತ್ತು ಪೆಟ್ಟಿಗೆ ಕಾರ್ಖಾನೆಗಳಲ್ಲಿ ಹುಟ್ಟಿದವು. ಹಾಗಾಗಿ ಕೈಕೆಲಸದ ಕಾರ್ಡು ಯಂತ್ರವನ್ನು ಪೂರ್ತಿ ದೂರವಿಟ್ಟ ಕಲೆಯಲ್ಲ. ಕಾರ್ಖಾನೆ ಕೊಟ್ಟ ಬಿಡಿಭಾಗಗಳನ್ನು ಆಯ್ದು, ಒತ್ತಿ, ಬಣ್ಣ ಹಾಕಿ, ಜೋಡಿಸುವ ಹಂತದಲ್ಲಿ ಕೈಯ ಕೆಲಸ ಶುರುವಾಗುತ್ತದೆ. ಹತ್ತೊಂಬತ್ತನೆಯ ಶತಮಾನದಿಂದಲೂ ಇದರ ಸ್ವರೂಪ ಹೀಗೆಯೇ ಇದೆ.

ಹಿನ್ನೆಲೆ

ಬ್ರಿಟನ್ನಿನಲ್ಲಿ 1840ರಲ್ಲಿ ಪೆನ್ನಿ ಅಂಚೆ ಜಾರಿಗೆ ಬಂದು, ದೇಶದೊಳಗೆ ಎಲ್ಲಿಗಾದರೂ ಒಂದೇ ಅಗ್ಗದ ದರದಲ್ಲಿ ಕಾಗದ ಕಳಿಸುವಂತಾಯಿತು. ಮೂರು ವರ್ಷದ ನಂತರ ಲಂಡನ್ನಿನ ಹೆನ್ರಿ ಕೋಲ್, ಕಲಾವಿದ ಜಾನ್ ಕ್ಯಾಲ್ಕಾಟ್ ಹಾರ್ಸ್ಲಿಯಿಂದ ಕ್ರಿಸ್ಮಸ್ ಕಾರ್ಡೊಂದನ್ನು ಬರೆಸಿದ. ಮಾರಾಟಕ್ಕೆ ಬಂದ ಮೊದಲ ಕ್ರಿಸ್ಮಸ್ ಕಾರ್ಡು ಇದೇ ಎನ್ನಲಾಗುತ್ತದೆ. ಸುಮಾರು ಸಾವಿರ ಪ್ರತಿಗಳಾದವು, ಬೆಲೆ ಒಂದು ಶಿಲ್ಲಿಂಗ್. ಅದರ ರೇಖೆಗಳು ಕಲ್ಲಚ್ಚಿನಲ್ಲಿ ಮುದ್ರಣಗೊಂಡಿದ್ದವು, ಬಣ್ಣವನ್ನು ಮಾತ್ರ ಕೈಯಿಂದ ತುಂಬಲಾಗಿತ್ತು. ಇಂದಿನ ಹವ್ಯಾಸಿ ಸ್ಟ್ಯಾಂಪು ಒತ್ತಿ ಒಳಗೆ ಬಣ್ಣ ತುಂಬುವ ಕ್ರಮವೂ ಇದೇ.

ಅಮೆರಿಕದಲ್ಲಿ ಈ ಕೆಲಸಕ್ಕೆ ರೂಪ ಕೊಟ್ಟವಳು ಮ್ಯಾಸಚೂಸೆಟ್ಸ್‌ನ ವೂಸ್ಟರ್ ಪಟ್ಟಣದ ಎಸ್ತರ್ ಹೌಲ್ಯಾಂಡ್. 1840ರ ದಶಕದ ಕೊನೆಯಲ್ಲಿ ಇಂಗ್ಲೆಂಡಿನಿಂದ ಬಂದ ವ್ಯಾಲಂಟೈನ್ ಕಾರ್ಡೊಂದನ್ನು ನೋಡಿದ ಈಕೆ, ಲೇಸ್ ಕಾಗದ ಮತ್ತು ಬಣ್ಣದ ಚಿತ್ರಗಳನ್ನು ತರಿಸಿಕೊಂಡು ತಾನೇ ಕಾರ್ಡು ಮಾಡತೊಡಗಿದಳು. ಇನ್ನೂರು ಡಾಲರಿನಷ್ಟು ಬೇಡಿಕೆ ಬಂದರೆ ಸಾಕೆಂದುಕೊಂಡಿದ್ದಾಗ, ಮಾದರಿಗಳನ್ನು ಹೊತ್ತು ಊರೂರು ತಿರುಗಿದ ಸೋದರ ಐದು ಸಾವಿರ ಡಾಲರಿನ ಬೇಡಿಕೆ ತಂದನೆಂಬ ಕಥೆ ಪ್ರಸಿದ್ಧವಾಗಿದೆ. ಆಮೇಲೆ ಗೆಳತಿಯರನ್ನು ಕೂಡಿಸಿಕೊಂಡು, ಒಬ್ಬಳು ಕತ್ತರಿಸುವುದು, ಇನ್ನೊಬ್ಬಳು ಅಂಟಿಸುವುದು ಎಂದು ಕೆಲಸ ಹಂಚಿದಳು. ಲೇಸಿನ ಅಡಿಗೆ ಗಾಢ ಬಣ್ಣದ ಕಾಗದದ ತುಣುಕು ಇಡುವುದು, ಮಡಚಿದ ಕಾಗದದ ಪುಟ್ಟ ಸ್ಪ್ರಿಂಗಿನಿಂದ ಮೇಲಿನ ಪದರವನ್ನು ಎತ್ತರಿಸುವುದು ಅವಳ ಕಾರ್ಡುಗಳ ವೈಶಿಷ್ಟ್ಯ. ಈಗ ಆ ಸ್ಪ್ರಿಂಗಿನ ಕೆಲಸವನ್ನು ಫೋಮ್ ಟೇಪು ಮಾಡುತ್ತದೆ.

ಸ್ಟ್ಯಾಂಪಿನ ಬೇರು ರಬ್ಬರ್ ಉದ್ಯಮದಲ್ಲಿದೆ. ಹಸಿ ರಬ್ಬರ್ ಬಿಸಿಲಿಗೆ ಅಂಟಂಟಾಗಿ, ಚಳಿಗೆ ಪೆಡಸಾಗುತ್ತಿತ್ತು. ಗಂಧಕ ಬೆರೆಸಿ ಕಾಯಿಸಿದರೆ ಅದು ಸ್ಥಿರವಾಗುತ್ತದೆಂದು ಚಾರ್ಲ್ಸ್ ಗುಡ್‌ಇಯರ್ 1839ರಲ್ಲಿ ಕಂಡುಕೊಂಡು 1844ರಲ್ಲಿ ಪೇಟೆಂಟ್ ಪಡೆದ. 1860ರ ದಶಕದಲ್ಲಿ ಅಮೆರಿಕದಲ್ಲಿ ರಬ್ಬರ್ ಮೊಹರುಗಳು ಬಂದವು. ಅವನ್ನು ಅಚ್ಚು ಹೊಯ್ಯಲು ಮೊದಮೊದಲು ಬಳಕೆಯಾದದ್ದು ದಂತವೈದ್ಯರು ಕೃತಕ ಹಲ್ಲಿನ ವಸಡು ಮಾಡಲು ಇಟ್ಟುಕೊಂಡಿದ್ದ ಬಿಸಿ ಪಾತ್ರೆಗಳು.

ಡೈ ಕತ್ತರಿಕೆ ಪೆಟ್ಟಿಗೆ ಉದ್ಯಮದಿಂದ ಬಂತು. 1879ರಲ್ಲಿ ನ್ಯೂಯಾರ್ಕಿನಲ್ಲಿ ರಾಬರ್ಟ್ ಗೇರ್ ಎಂಬವನ ಕಾರ್ಖಾನೆಯಲ್ಲಿ ಕಾಗದದ ಚೀಲಕ್ಕೆ ಮಡಿಕೆಯ ಗೆರೆ ಒತ್ತಬೇಕಿದ್ದ ಲೋಹದ ಪಟ್ಟಿ ಸ್ವಲ್ಪ ಎತ್ತರವಾಗಿದ್ದು ಚೀಲಗಳನ್ನು ಕತ್ತರಿಸಿಬಿಟ್ಟಿತು. ಕತ್ತರಿಸುವುದನ್ನೂ ಗೆರೆ ಒತ್ತುವುದನ್ನೂ ಒಂದೇ ಏಟಿಗೆ ಮಾಡಬಹುದೆಂದು ಆತನಿಗೆ ಹೊಳೆದದ್ದು ಈ ಅಚಾತುರ್ಯದಿಂದ. ಅದೇ ಕಾಲಕ್ಕೆ ಜರ್ಮನಿಯ ಮುದ್ರಕರು ಹೂವು, ದೇವತೆ, ಮಕ್ಕಳ ಬಣ್ಣದ ಚಿತ್ರಗಳನ್ನು ಉಬ್ಬಿಸಿ ಅಂಚಿನುದ್ದಕ್ಕೂ ಕತ್ತರಿಸಿ ಹಾಳೆಗಟ್ಟಲೆ ಮಾರುತ್ತಿದ್ದರು. ವಿಕ್ಟೋರಿಯಾ ಕಾಲದ ಮನೆಗಳಲ್ಲಿ ಇವು ಆಲ್ಬಮ್ಮಿಗೂ ಕಾರ್ಡಿಗೂ ಅಂಟಿಕೊಂಡವು.

1870ರ ದಶಕದಲ್ಲಿ ಬಾಸ್ಟನ್ನಿನ ಲೂಯಿ ಪ್ರ್ಯಾಂಗ್ ಬಹುವರ್ಣದ ಕಲ್ಲಚ್ಚಿನಲ್ಲಿ ಕ್ರಿಸ್ಮಸ್ ಕಾರ್ಡುಗಳನ್ನು ತಂದ ಮೇಲೆ, ಮುಂದೆ 1910ರಲ್ಲಿ ಜಾಯ್ಸ್ ಹಾಲ್ ಕಾನ್ಸಾಸ್ ಸಿಟಿಯಲ್ಲಿ ಹಾಲ್‌ಮಾರ್ಕ್ ಸಂಸ್ಥೆಗೆ ಅಡಿಗಲ್ಲಿಟ್ಟ ಮೇಲೆ, ಕಾರ್ಡು ಪೂರ್ತಿಯಾಗಿ ಅಂಗಡಿಯ ಸರಕಾಯಿತು. ಕೈಕೆಲಸ ಮರಳಿ ಬಂದದ್ದು ಕಲಾವಿದರ ದಾರಿಯಿಂದ. ಜರ್ಮನಿಯ ಕುರ್ಟ್ ಶ್ವಿಟರ್ಸ್ 1919ರಲ್ಲೇ ಕಚೇರಿಯ ಮೊಹರುಗಳನ್ನು ಒತ್ತಿ ಚಿತ್ರ ರಚಿಸಿದ್ದ. 1960ರ ದಶಕದಲ್ಲಿ ರೇ ಜಾನ್ಸನ್ ಮತ್ತು ಗೆಳೆಯರು ಅಂಚೆಯನ್ನೇ ಕಲಾಮಾಧ್ಯಮ ಮಾಡಿಕೊಂಡಾಗ ರಬ್ಬರ್ ಸ್ಟ್ಯಾಂಪು ಅವರ ಮೆಚ್ಚಿನ ಉಪಕರಣವಾಯಿತು. 1980ರಲ್ಲಿ ರಬ್ಬರ್‌ಸ್ಟ್ಯಾಂಪ್‌ಮ್ಯಾಡ್‌ನೆಸ್ ಎಂಬ ಪತ್ರಿಕೆ ಶುರುವಾಯಿತು. 1988ರಲ್ಲಿ ಹುಟ್ಟಿದ ಸ್ಟ್ಯಾಂಪಿನ್ ಅಪ್ ಕಂಪನಿ ಮನೆಮನೆಯ ಕೂಟಗಳಲ್ಲಿ ಕಲಿಸುತ್ತ ಮಾರುವ ಪದ್ಧತಿಯಿಂದ ಹವ್ಯಾಸವನ್ನು ಹರಡಿತು. ಶಾಲೆಗಳಿಗೆ ಅಕ್ಷರ ಕತ್ತರಿಸುವ ಯಂತ್ರ ಒದಗಿಸುತ್ತಿದ್ದ ಕ್ಯಾಲಿಫೋರ್ನಿಯದ ಎಲಿಸನ್ ಕಂಪನಿ 2001ರಲ್ಲಿ ಸಿಜಿಕ್ಸ್ ಹೆಸರಿನಲ್ಲಿ ಮನೆಬಳಕೆಯ ಪುಟ್ಟ ಡೈ ಯಂತ್ರವನ್ನು ತಂದಿತು.

ಕಾಗದ

ಕಾರ್ಡಿನ ಅಡಿಪಾಯಕ್ಕೆ 250ರಿಂದ 300 ಜಿಎಸ್‌ಎಂ (ಚದರ ಮೀಟರಿಗೆ ಗ್ರಾಂ) ತೂಕದ ದಪ್ಪ ಕಾಗದ ಬೇಕು. ಜೆರಾಕ್ಸ್ ಕಾಗದ 70ರಿಂದ 80 ಜಿಎಸ್‌ಎಂ ಇರುತ್ತದೆ. ಮೇಲಿನ ಪದರಗಳಿಗೆ ಅಡಿಪಾಯದ ಕಾಗದಕ್ಕಿಂತ ತೆಳುವಾದದ್ದು ಸಾಕು, ಇಲ್ಲದಿದ್ದರೆ ಕಾರ್ಡು ಭಾರವಾಗಿ ನಿಲ್ಲಿಸಿದಾಗ ಬಾಗುತ್ತದೆ. ಆಮ್ಲ ಮತ್ತು ಲಿಗ್ನಿನ್ ಇಲ್ಲದ ಕಾಗದ ಬೇಗ ಹಳದಿಯಾಗುವುದಿಲ್ಲ.

ಯಂತ್ರದಲ್ಲಿ ತಯಾರಾದ ಕಾಗದದ ನಾರುಗಳು ಬಹುಪಾಲು ಒಂದೇ ದಿಕ್ಕಿಗೆ ಮಲಗಿರುತ್ತವೆ. ಆ ದಿಕ್ಕಿಗೆ ಮಡಚಿದರೆ ಮಡಿಕೆ ನಯವಾಗಿ ಕೂರುತ್ತದೆ, ಅಡ್ಡ ಮಡಚಿದರೆ ಅಂಚು ಸಿಡಿದು ಒಳಗಿನ ಬಿಳಿ ಕಾಣುತ್ತದೆ. ಹಾಳೆಯನ್ನು ಎರಡೂ ಕಡೆಗೆ ಮೆಲ್ಲಗೆ ಬಾಗಿಸಿ ನೋಡಿದರೆ ಯಾವ ಕಡೆ ಸುಲಭವಾಗಿ ಬಾಗುತ್ತದೋ ನಾರು ಆ ಮಡಿಕೆಯ ಉದ್ದಕ್ಕಿದೆ ಎಂದರ್ಥ. ಮಡಚುವ ಮೊದಲು ಮೊಂಡು ತುದಿಯ ಸಾಧನದಿಂದ ಗೆರೆ ಒತ್ತಿಕೊಳ್ಳುವುದು ರೂಢಿ.

ಅಳತೆಗಳಲ್ಲಿ ಎರಡು ಸಂಪ್ರದಾಯಗಳಿವೆ. ಎ4 ಹಾಳೆಯನ್ನು ಎರಡು ಭಾಗ ಮಾಡಿ ಒಂದೊಂದನ್ನೂ ಮಡಚಿದರೆ 105 × 148 ಮಿಲಿಮೀಟರಿನ ಎ6 ಕಾರ್ಡುಗಳಾಗುತ್ತವೆ. ಭಾರತ ಮತ್ತು ಯುರೋಪಿನಲ್ಲಿ ಇದು ಅನುಕೂಲ. ಅಮೆರಿಕದ ಹವ್ಯಾಸಿಗಳ ಎ2 ಕಾರ್ಡು 4.25 × 5.5 ಅಂಗುಲ ಇರುತ್ತದೆ. ಇದಕ್ಕೂ ಎ4, ಎ6 ಸಾಲಿನ ಎ2 ಹಾಳೆಗೂ ಸಂಬಂಧವಿಲ್ಲ. ಚೌಕಟ್ಟಿನ ಡೈಗಳು ಹೆಚ್ಚಾಗಿ ಈ ಅಮೆರಿಕನ್ ಅಳತೆಗೇ ಬರುವುದರಿಂದ, ಇಲ್ಲಿ ಕೊಳ್ಳುವವರು ಕಾರ್ಡಿನ ಅಳತೆಯನ್ನು ಡೈಗೆ ತಕ್ಕಂತೆ ಹೊಂದಿಸಿಕೊಳ್ಳಬೇಕಾಗುತ್ತದೆ.

ಸ್ಟ್ಯಾಂಪುಗಳು

ಇವು ಮುಖ್ಯವಾಗಿ ಎರಡು ಬಗೆ. ಕೆಂಪು ರಬ್ಬರಿನ ಸ್ಟ್ಯಾಂಪಿನ ಹಿಂದೆ ಫೋಮಿನ ಮೆತ್ತೆ ಇರುತ್ತದೆ, ಅದನ್ನು ಮರದ ಹಿಡಿಗೆ ಅಂಟಿಸಿರುತ್ತಾರೆ. ತೆಳು ಗೆರೆಗಳು ಇದರಲ್ಲಿ ಸ್ಪಷ್ಟವಾಗಿ ಮೂಡುತ್ತವೆ, ಸರಿಯಾಗಿ ಇಟ್ಟುಕೊಂಡರೆ ದಶಕಗಳ ಕಾಲ ಬಾಳಿಕೆ ಬರುತ್ತದೆ. ಪಾರದರ್ಶಕ ಫೋಟೋಪಾಲಿಮರ್ ಸ್ಟ್ಯಾಂಪು ದ್ರವರೂಪದ ರಾಳದಿಂದ ಆದದ್ದು. ಚಿತ್ರದ ನೆಗೆಟಿವ್ ಮೂಲಕ ನೇರಳಾತೀತ ಬೆಳಕು ಬಿದ್ದ ಕಡೆ ರಾಳ ಗಟ್ಟಿಯಾಗುತ್ತದೆ, ಉಳಿದದ್ದನ್ನು ತೊಳೆದು ತೆಗೆಯುತ್ತಾರೆ. ಅದು ಅಕ್ರಿಲಿಕ್ ಬಿಲ್ಲೆಗೆ ತಾನಾಗಿ ಕಚ್ಚಿಕೊಳ್ಳುತ್ತದೆ. ಅದರ ಮೂಲಕ ಆಚೆಬದಿ ಕಾಣುವುದರಿಂದ ಎಲ್ಲಿ ಒತ್ತುತ್ತಿದ್ದೇವೆಂದು ನೋಡಿಕೊಂಡೇ ಒತ್ತಬಹುದು. ಬಿಸಿಲಿಗೆ ಇಟ್ಟರೆ ಹಳದಿಯಾಗುವುದು ಇದರ ದೌರ್ಬಲ್ಯ.

ಹೊಸ ಪಾಲಿಮರ್ ಸ್ಟ್ಯಾಂಪಿನ ಮೇಲೆ ಇಂಕು ಹನಿಹನಿಯಾಗಿ ನಿಲ್ಲುತ್ತದೆ. ಮೇಲ್ಮೈಯನ್ನು ಪೆನ್ಸಿಲ್ ರಬ್ಬರಿನಿಂದ ಹಗುರವಾಗಿ ಉಜ್ಜಿದರೆ ಇಂಕು ಸಮವಾಗಿ ಹಿಡಿಯುತ್ತದೆ. ಒತ್ತುವಾಗ ಅಡಿಯಲ್ಲಿ ತೆಳು ಫೋಮ್ ಹಾಸು ಇಡಬೇಕು, ಸ್ಟ್ಯಾಂಪನ್ನು ಅತ್ತಿತ್ತ ಅಲುಗಿಸಬಾರದು. ಅಲುಗಿದರೆ ಚಿತ್ರದ ಸುತ್ತ ಅಂಚಿನ ಕಲೆ ಬೀಳುತ್ತದೆ. ಈಚಿನ ವರ್ಷಗಳಲ್ಲಿ ಕೀಲಿನ ಮುಚ್ಚಳವಿರುವ ಸ್ಟ್ಯಾಂಪಿಂಗ್ ಪ್ಲಾಟ್‌ಫಾರಂ ಸಾಮಾನ್ಯವಾಗಿದೆ. ಕಾಗದವನ್ನು ಆಯಸ್ಕಾಂತದಿಂದ ಕೂರಿಸಿ, ಸ್ಟ್ಯಾಂಪನ್ನು ಮುಚ್ಚಳಕ್ಕೆ ಅಂಟಿಸಿ ಒತ್ತುತ್ತಾರೆ. ಮೊದಲ ಸಲ ಮಸುಕಾಗಿ ಬಿದ್ದರೆ ಮತ್ತೆ ಇಂಕು ಹಚ್ಚಿ ಕೂದಲೆಳೆಯಷ್ಟೂ ಆಚೀಚೆ ಆಗದಂತೆ ಅದೇ ಜಾಗಕ್ಕೆ ಒತ್ತಬಹುದು.

ಹೂವಿನ ಹಿಂದೆ ಎಲೆ ಇರುವಂತೆ ತೋರಿಸಲು ಮುಸುಕು ವಿಧಾನ ಬಳಸುತ್ತಾರೆ. ಹೂವನ್ನು ಕಾರ್ಡಿನ ಮೇಲೂ ಒಂದು ಅಂಟುಚೀಟಿಯ ಮೇಲೂ ಒತ್ತಿ, ಚೀಟಿಯ ಹೂವನ್ನು ಕತ್ತರಿಸಿ ಕಾರ್ಡಿನ ಹೂವಿನ ಮೇಲೆ ಮುಚ್ಚಿ, ಬಳಿಕ ಎಲೆಯನ್ನು ಅದರ ಮೇಲೇ ಹಾದುಹೋಗುವಂತೆ ಒತ್ತಬೇಕು. ಚೀಟಿ ಕಿತ್ತರೆ ಎಲೆ ಹೂವಿನ ಹಿಂದೆ ಸರಿದಿರುತ್ತದೆ.

ಇಂಕುಗಳು

ಕಚೇರಿಯಲ್ಲಿ ಮೊಹರನ್ನು ಪ್ಯಾಡಿನ ಬಳಿಗೆ ಒಯ್ಯುತ್ತಾರೆ. ಕಾರ್ಡು ಮಾಡುವವರು ಸ್ಟ್ಯಾಂಪನ್ನು ಮೇಲ್ಮುಖವಾಗಿಟ್ಟು ಪ್ಯಾಡನ್ನೇ ಅದರ ಮೇಲೆ ತಟ್ಟುತ್ತಾರೆ. ಹವ್ಯಾಸದ ಪ್ಯಾಡುಗಳು ಡಬ್ಬಿಯ ಅಂಚಿಗಿಂತ ಮೇಲೆ ಉಬ್ಬಿರುವುದರಿಂದ ಪುಟ್ಟ ಪ್ಯಾಡಿನಿಂದಲೂ ದೊಡ್ಡ ಸ್ಟ್ಯಾಂಪಿಗೆ ಇಂಕು ಹಚ್ಚಬಹುದು.

ಇಂಕಿನ ಆಯ್ಕೆಯಲ್ಲಿ ಮೂರು ಪ್ರಶ್ನೆಗಳಿರುತ್ತವೆ: ಅದು ಕಾಗದಕ್ಕೆ ಇಳಿಯುತ್ತದೆಯೇ, ಎಷ್ಟು ಬೇಗ ಒಣಗುತ್ತದೆ, ಅದರ ಮೇಲೆ ಮುಂದೆ ಏನು ಹಚ್ಚಲಿದ್ದೇವೆ. ಡೈ ಇಂಕು (ಕತ್ತರಿಸುವ ಡೈಗೂ ಇದಕ್ಕೂ ಸಂಬಂಧವಿಲ್ಲ) ನೀರಿನಲ್ಲಿ ಕರಗಿದ ಬಣ್ಣ. ಕಾಗದದೊಳಗೆ ಇಳಿದು ಬೇಗ ಒಣಗುತ್ತದೆ, ಆದರೆ ಬಿಸಿಲಿಗೆ ಮಾಸುತ್ತದೆ. ಪಿಗ್ಮೆಂಟ್ ಇಂಕಿನ ಬಣ್ಣದ ಕಣಗಳು ಕಾಗದದ ಮೇಲೆಯೇ ಕೂರುತ್ತವೆ. ಬಣ್ಣ ಗಾಢ ಮತ್ತು ಬಾಳಿಕೆಯದು, ಕಪ್ಪು ಕಾಗದದ ಮೇಲೆ ಬಿಳಿ ಮೂಡಿಸಲು ಇದೇ ಬೇಕು. ಒಣಗುವುದು ಮಾತ್ರ ನಿಧಾನ, ನುಣುಪು ಲೇಪದ ಕಾಗದದ ಮೇಲಂತೂ ಒಣಗುವುದೇ ಕಷ್ಟ. ದ್ರಾವಕ ಆಧಾರಿತ ಇಂಕು ಗಾಜು, ಲೋಹ, ಪ್ಲಾಸ್ಟಿಕ್ ಹಾಳೆಗಳ ಮೇಲೂ ನಿಲ್ಲುತ್ತದೆ, ಅದನ್ನು ತೊಳೆಯಲು ಅದರದೇ ಕ್ಲೀನರ್ ಬೇಕು. ಬಣ್ಣವಿಲ್ಲದ ಅಂಟುಗುಣದ ವಾಟರ್‌ಮಾರ್ಕ್ ಇಂಕು ಬಣ್ಣದ ಕಾಗದದ ಮೇಲೆ ಅದೇ ಬಣ್ಣದ ಗಾಢ ಛಾಯೆಯನ್ನು ಬಿಡುತ್ತದೆ, ಎಂಬಾಸಿಂಗ್ ಪುಡಿಯನ್ನೂ ಹಿಡಿದುಕೊಳ್ಳುತ್ತದೆ. ವರ್ಸಾಮಾರ್ಕ್, ಮೆಮೆಂಟೊ, ಸ್ಟೇಜ್‌ಆನ್ ಮೊದಲಾದ ಪ್ರಸಿದ್ಧ ಇಂಕುಗಳು ಜಪಾನಿನ ಟ್ಸುಕಿನೆಕೊ ಕಂಪನಿಯವು.

ಹೊಸಬರ ಕಾರ್ಡು ಕೆಡುವುದು ಹೆಚ್ಚಾಗಿ ಮೂರನೆಯ ಪ್ರಶ್ನೆಯಲ್ಲಿ. ಜಪಾನಿನ ಕಾಪಿಕ್‌ನಂಥ ಆಲ್ಕೋಹಾಲ್ ಮಾರ್ಕರಿನಿಂದ ಬಣ್ಣ ತುಂಬುವುದಾದರೆ ಹೊರರೇಖೆಯನ್ನು ಆಲ್ಕೋಹಾಲಿಗೆ ಕರಗದ ಇಂಕಿನಲ್ಲಿ ಒತ್ತಬೇಕು. ದ್ರಾವಕ ಇಂಕಿನಲ್ಲಿ ಒತ್ತಿದರೆ ಕಪ್ಪು ಗೆರೆ ಕರಗಿ ಬಣ್ಣಕ್ಕೆ ಹರಿಯುತ್ತದೆ. ಜಲವರ್ಣ ಹಚ್ಚುವುದಾದರೆ ಗೆರೆ ನೀರಿಗೆ ಜಗ್ಗದ ಇಂಕಿನದಾಗಿರಬೇಕು, ಆಗ ದ್ರಾವಕ ಇಂಕೇ ಸೂಕ್ತ. ಹಾಗೆಯೇ ಮಾರ್ಕರಿಗೆ ನುಣುಪಾದ ಕಾಗದ, ಜಲವರ್ಣಕ್ಕೆ ನೀರು ಹೀರುವ ತರಿ ಕಾಗದ.

ಹಿನ್ನೆಲೆಗೆ ಮೃದುವಾದ ಬ್ರಷ್ಷಿನಿಂದ ಇಂಕನ್ನು ಸುತ್ತುಸುತ್ತಾಗಿ ತಿಕ್ಕಿ ಒಂದು ಬಣ್ಣವನ್ನು ಇನ್ನೊಂದಕ್ಕೆ ಬೆರೆಸುತ್ತಾರೆ. ಬ್ರಷ್ಷನ್ನು ಕಾಗದದ ಹೊರಗಿನಿಂದ ಒಳಕ್ಕೆ ತರಬೇಕು. ನೇರವಾಗಿ ನಡುವೆ ಇಟ್ಟರೆ ಅಲ್ಲಿ ಗಾಢವಾದ ಕಲೆ ಉಳಿಯುತ್ತದೆ.

ಬಿಸಿ ಎಂಬಾಸಿಂಗ್

ಒತ್ತಿದ ಚಿತ್ರ ಇನ್ನೂ ಹಸಿಯಿರುವಾಗಲೇ ರಾಳದ ನುಣ್ಣನೆಯ ಪುಡಿಯನ್ನು ಉದುರಿಸಿ, ಹೆಚ್ಚಾದದ್ದನ್ನು ಕೊಡವಿ, ಹೀಟ್ ಗನ್ನಿನಿಂದ ಕಾಯಿಸುವ ವಿಧಾನ. ಶುರುವಿನಲ್ಲಿ ಗೆರೆಗಳು ಸಕ್ಕರೆ ಉದುರಿಸಿದಂತೆ ತರಿತರಿಯಾಗಿರುತ್ತವೆ. ಬಿಸಿ ತಾಗಿದ ಕಡೆ ಪುಡಿ ಕರಗಿ ಒಂದಾಗಿ, ಹೊಳಪು ಒಂದು ಮೂಲೆಯಿಂದ ಇನ್ನೊಂದಕ್ಕೆ ಸರಿಯುವುದು ಕಣ್ಣಿಗೇ ಕಾಣುತ್ತದೆ. ಆ ಹೊಳಪನ್ನು ಹಿಂಬಾಲಿಸುತ್ತ ಗನ್ನನ್ನು ಸರಿಸಬೇಕು. ಒಂದೇ ಕಡೆ ನಿಲ್ಲಿಸಿದರೆ ರಾಳ ಕಾಗದಕ್ಕೆ ಇಂಗಿ ಎಣ್ಣೆಯ ಕಲೆಯಂತೆ ಮಂಕಾಗುತ್ತದೆ, ಕಾಗದ ಸುರುಟಿಕೊಳ್ಳುತ್ತದೆ. ಕೂದಲು ಒಣಗಿಸುವ ಡ್ರೈಯರ್ ಇದಕ್ಕೆ ಆಗಿಬರುವುದಿಲ್ಲ. ಅದರ ಬಿಸಿ ಸಾಲದು, ಗಾಳಿ ಜೋರಾಗಿ ಪುಡಿಯೇ ಹಾರಿಹೋಗುತ್ತದೆ.

ಬೇಡದ ಕಡೆ ಪುಡಿ ಅಂಟದಿರಲು ಒತ್ತುವ ಮೊದಲು ಕಾಗದದ ಮೇಲೆ ಪುಟ್ಟ ಪೌಡರ್ ಚೀಲ ಸವರುತ್ತಾರೆ. ಕರಾವಳಿಯ ಮಳೆಗಾಲದಂಥ ತೇವದ ಹವೆಯಲ್ಲಿ ಇದು ಅನಿವಾರ್ಯ. ಬಿಳಿ ಅಥವಾ ಬಣ್ಣವಿಲ್ಲದ ಪುಡಿಯಿಂದ ಮೂಡಿಸಿದ ಗೆರೆ ನೀರನ್ನು ತಡೆಯುವುದರಿಂದ, ಅದರ ಮೇಲೆ ಜಲವರ್ಣ ಎಳೆದರೆ ಗೆರೆ ಮಾತ್ರ ಬಣ್ಣ ಹತ್ತದೆ ಉಳಿಯುತ್ತದೆ.

ಡೈ ಕತ್ತರಿಕೆ

ಹವ್ಯಾಸಿಗಳು ಹೆಚ್ಚಾಗಿ ಬಳಸುವುದು ರಾಸಾಯನಿಕವಾಗಿ ಕೊರೆದ ತೆಳು ಉಕ್ಕಿನ ಡೈಗಳನ್ನು. ಕೈಯಿಂದ ತಿರುಗಿಸುವ ಯಂತ್ರದಲ್ಲಿ ಎರಡು ಉರುಳೆಗಳಿರುತ್ತವೆ. ಕೆಳಗೊಂದು ಆಧಾರ ಫಲಕ, ಅದರ ಮೇಲೆ ಪ್ಲಾಸ್ಟಿಕ್ಕಿನ ಕತ್ತರಿಕೆ ಫಲಕ, ಅದರ ಮೇಲೆ ಕಾಗದ, ಅಲಗು ಕಾಗದಕ್ಕೆ ಮುಖ ಮಾಡಿದ ಡೈ, ಮೇಲೆ ಇನ್ನೊಂದು ಕತ್ತರಿಕೆ ಫಲಕ. ಈ ಅಡಕು ಉರುಳೆಗಳ ನಡುವೆ ನುಗ್ಗುವಾಗ ಫಲಕಗಳು ಚಟಪಟ ಸದ್ದು ಮಾಡುವುದು ಸಹಜ. ಡೈ ಜಾರದಂತೆ ಸುಲಭವಾಗಿ ಕೀಳಬಹುದಾದ ಟೇಪು ಅಂಟಿಸುತ್ತಾರೆ. ಬಲೆಯಂಥ ಸೂಕ್ಷ್ಮ ವಿನ್ಯಾಸಗಳಲ್ಲಿ ಕಾಗದ ಡೈಯೊಳಗೇ ಸಿಕ್ಕಿಕೊಳ್ಳುತ್ತದೆ. ಡೈಗೂ ಕಾಗದಕ್ಕೂ ನಡುವೆ ಮೇಣದ ಕಾಗದ ಇಟ್ಟರೆ ಬಿಡಿಸಿಕೊಳ್ಳುತ್ತದೆ, ಉಳಿದದ್ದನ್ನು ಡೈಯ ಹಿಂದಿನ ಪುಟ್ಟ ತೂತುಗಳಿಂದ ಸೂಜಿ ತೂರಿಸಿ ನೂಕಬೇಕು.

ಕತ್ತರಿಕೆ ಫಲಕಗಳ ಮೇಲೆ ಪ್ರತಿ ಸಲವೂ ಅಲಗಿನ ಗೀರು ಬೀಳುತ್ತದೆ. ಒಂದೇ ಮಗ್ಗುಲನ್ನು ಬಳಸಿದರೆ ಫಲಕ ಬಾಗುತ್ತದೆ, ಆದ್ದರಿಂದ ತಿರುಗಿಸಿ ತಿರುಗಿಸಿ ಬಳಸುತ್ತಾರೆ. ನಡುವೆ ಸರಿಯಾಗಿ ಕತ್ತರಿಸದಿದ್ದರೆ ಒಂದು ತೆಳು ಹಾಳೆಯನ್ನು ಸೇರಿಸಿ ಒತ್ತಡ ಹೆಚ್ಚಿಸುತ್ತಾರೆ. ಡೈಯ ಬದಲು ಎರಡು ಮುಖಗಳ ಎಂಬಾಸಿಂಗ್ ಫೋಲ್ಡರ್ ಇಟ್ಟರೆ ಇದೇ ಯಂತ್ರ ಕಾಗದದ ಮೇಲೆ ಉಬ್ಬು ಚಿತ್ರ ಮೂಡಿಸುತ್ತದೆ. ಕ್ರಿಕಟ್, ಸಿಲೂಯೆಟ್, ಬ್ರದರ್ ಕಂಪನಿಯ ಸ್ಕ್ಯಾನ್‌ಎನ್‌ಕಟ್ ಮೊದಲಾದ ವಿದ್ಯುನ್ಮಾನ ಯಂತ್ರಗಳಿಗೆ ಡೈ ಬೇಡ, ಕಂಪ್ಯೂಟರಿನ ರೇಖಾಚಿತ್ರವನ್ನು ಪುಟ್ಟ ಅಲಗು ಅನುಸರಿಸುತ್ತದೆ.

ಜೋಡಣೆ ಮತ್ತು ಪ್ರಕಾರಗಳು

ಬಿಡಿಭಾಗಗಳನ್ನು ಡಬಲ್ ಸೈಡ್ ಟೇಪು, ಸೂಜಿಮೊನೆಯ ಬಾಟಲಿಯ ದ್ರವ ಅಂಟು ಅಥವಾ ಫೋಮ್ ಟೇಪಿನಿಂದ ಜೋಡಿಸುತ್ತಾರೆ. ದ್ರವ ಅಂಟು ಒಣಗುವ ಮೊದಲು ತುಣುಕನ್ನು ಆಚೀಚೆ ಸರಿಸಿ ನೇರ ಮಾಡಬಹುದು. ಫೋಮ್ ಟೇಪು ಪದರವನ್ನು ಎತ್ತರಿಸಿ ನೆರಳು ಕೊಡುತ್ತದೆ. ಶೇಕರ್ ಕಾರ್ಡಿನಲ್ಲಿ ಪ್ಲಾಸ್ಟಿಕ್ ಕಿಟಕಿಯ ಹಿಂದೆ ಮಿಂಚುಚೂರುಗಳು ಅಲುಗಾಡುತ್ತವೆ. ಸ್ಲೈಡರ್ ಕಾರ್ಡಿನಲ್ಲಿ ಪಟ್ಟಿ ಎಳೆದರೆ ಚಿತ್ರ ಸರಿಯುತ್ತದೆ. ಈಸಲ್ ಕಾರ್ಡು ತಾನೇ ಆನಿಕೊಂಡು ನಿಲ್ಲುತ್ತದೆ. ತೆರೆದಾಗ ಎದ್ದುನಿಲ್ಲುವ ಪಾಪ್‌ಅಪ್ ಕಾರ್ಡುಗಳ ಮೇಲೆ, 1980ರ ದಶಕದ ಆರಂಭದಲ್ಲಿ ಜಪಾನಿನ ವಾಸ್ತುಶಿಲ್ಪಿ ಮಸಾಹಿರೊ ಚತಾನಿ ರೂಪಿಸಿದ ಒಂದೇ ಹಾಳೆಯ ಕಟ್ಟಡ ವಿನ್ಯಾಸಗಳ ಪ್ರಭಾವ ದೊಡ್ಡದು.

ಅಲಂಕಾರಕ್ಕೆ ಮಿತಿ ಹಾಕುವುದು ಅಂಚೆ ಇಲಾಖೆ. ಬ್ರಿಟನ್ನಿನಲ್ಲಿ ಸಾಮಾನ್ಯ ಪತ್ರದ ದಪ್ಪ 5 ಮಿಲಿಮೀಟರ್ ಮೀರಬಾರದು, ಅಮೆರಿಕದಲ್ಲಿ ಕಾಲು ಅಂಗುಲ. ಚೌಕಾಕಾರದ ಅಥವಾ ಉಬ್ಬುತಗ್ಗಿನ ಲಕೋಟೆ ಯಂತ್ರದಲ್ಲಿ ಸಾಗದೆಂದು ಅಮೆರಿಕದಲ್ಲಿ ಹೆಚ್ಚುವರಿ ಶುಲ್ಕವಿದೆ.

ಭಾರತ ಮತ್ತು ಕರ್ನಾಟಕದಲ್ಲಿ

ಭಾರತದಲ್ಲಿ 1979ರಲ್ಲಿ ಶುರುವಾದ ಆರ್ಚೀಸ್ ಮುದ್ರಿತ ಕಾರ್ಡನ್ನು ನಗರಗಳ ಯುವಜನರ ರೂಢಿಯಾಗಿಸಿತು. ಅದೇ ವರ್ಷ ಹುಟ್ಟಿದ ಕ್ರೈ ಸಂಸ್ಥೆ ಮಕ್ಕಳ ನೆರವಿಗಾಗಿ ಕಾರ್ಡು ಮಾರಿತು. ಕರ್ನಾಟಕದಲ್ಲಿ ಹೊಸ ವರ್ಷಕ್ಕೂ ಸಂಕ್ರಾಂತಿಗೂ ಶುಭಾಶಯ ಪತ್ರ ಕಳಿಸುವ ವಾಡಿಕೆ ಬಲವಾಗಿತ್ತು. ಲಕೋಟೆಯನ್ನು ಅಂಟಿಸದೆ ಮೇಲೆ ಬುಕ್ ಪೋಸ್ಟ್ ಎಂದು ಬರೆದು ಕಡಿಮೆ ದರದಲ್ಲಿ ಕಳಿಸುತ್ತಿದ್ದರು. ಮೊಬೈಲ್ ಸಂದೇಶಗಳು ಬಂದ ಮೇಲೆ ಅದು ಕ್ಷೀಣಿಸಿತು. ಶಾಲೆಗಳಲ್ಲಿ ಮಾತ್ರ ಬೆಂಡೆಕಾಯಿಯನ್ನು ಅಡ್ಡ ಕತ್ತರಿಸಿ, ಬಣ್ಣದಲ್ಲಿ ಅದ್ದಿ ಹೂವು ಮೂಡಿಸಿ ಕಾರ್ಡು ಮಾಡುವ ಪಾಠ ಉಳಿದುಕೊಂಡಿದೆ.

ಜೈಪುರದ ಬಳಿಯ ಸಾಂಗಾನೇರ್, ಮರದಚ್ಚಿನ ಬಟ್ಟೆ ಮುದ್ರಣಕ್ಕೂ ಕಾಗಜಿ ಸಮುದಾಯದ ಕೈಕಾಗದಕ್ಕೂ ಹೆಸರಾದ ಊರು. ಹತ್ತಿಯ ಚಿಂದಿಯಿಂದ ಮಾಡಿದ ಈ ಕಾಗದದ ಮೈ ಒರಟಾಗಿರುವುದರಿಂದ ಸೂಕ್ಷ್ಮ ಗೆರೆಯ ಸ್ಟ್ಯಾಂಪು ಅಲ್ಲಲ್ಲಿ ತುಂಡಾಗಿ ಬೀಳುತ್ತದೆ. ದಪ್ಪ ಗೆರೆಯ ಮರದಚ್ಚು ಇದಕ್ಕೆ ಚೆನ್ನಾಗಿ ಒಪ್ಪುತ್ತದೆ. ಬೆಂಗಳೂರಿನ ಚಿಕ್ಕಪೇಟೆ, ಸುಲ್ತಾನಪೇಟೆ, ಅವೆನ್ಯೂ ರಸ್ತೆಯ ಆಸುಪಾಸಿನ ಲಗ್ನಪತ್ರಿಕೆ ವ್ಯಾಪಾರ ಡೈ ಪಂಚಿಂಗ್, ಕ್ರೀಸಿಂಗ್, ಎಂಬಾಸಿಂಗ್ ಕೆಲಸಗಳನ್ನು ಬಹುಕಾಲದಿಂದ ಬಲ್ಲದು. ಕಾರ್ಡು ಮಾಡುವವರಿಗೆ ಬೇಕಾದ ದಪ್ಪ ಕಾಗದವೂ ಅಲ್ಲಿ ಸಿಗುತ್ತದೆ.

ಕನ್ನಡದಲ್ಲಿ ಶುಭಾಶಯ ಬರೆಯುವವರಿಗೆ ಲಿಪಿಯ ತೊಡಕುಗಳಿವೆ. ಇಂಗ್ಲಿಷಿನ 26 ಅಕ್ಷರಗಳ ಸ್ಟ್ಯಾಂಪು ಪೆಟ್ಟಿಗೆ ಇದ್ದರೆ ಯಾವ ಮಾತನ್ನಾದರೂ ಜೋಡಿಸಬಹುದು. ಕನ್ನಡಕ್ಕೆ ಮೂಲಾಕ್ಷರಗಳ ಜೊತೆ ಕಾಗುಣಿತ, ಒತ್ತಕ್ಷರಗಳೂ ಬೇಕಾಗುವುದರಿಂದ ಬಿಡಿ ಅಕ್ಷರಗಳ ಪೆಟ್ಟಿಗೆ ಕೈಗೆ ಹಿಡಿಯುವಂತಿರುವುದಿಲ್ಲ. ಆದ್ದರಿಂದ ‘ಹುಟ್ಟುಹಬ್ಬದ ಶುಭಾಶಯಗಳು’ ಎಂಬಂಥ ಪೂರ್ತಿ ಸಾಲನ್ನೇ ಊರಿನ ರಬ್ಬರ್ ಸ್ಟ್ಯಾಂಪು ಅಂಗಡಿಯಲ್ಲಿ ಪಾಲಿಮರಿನಲ್ಲಿ ಮಾಡಿಸಿಕೊಳ್ಳುವುದು ಸುಲಭ. ಡೈಯಲ್ಲಿ ತೊಡಕು ಬೇರೆ. ‘ಬ್ಬ’ದ ಒತ್ತು ಮೇಲಿನ ಅಕ್ಷರಕ್ಕೆ ತಾಗದಿದ್ದರೆ ಕತ್ತರಿಸಿದಾಗ ಕಳಚಿ ಬೀಳುತ್ತದೆ, ‘ಠ’ದಂಥ ಅಕ್ಷರಗಳ ಒಡಲಿನ ಚೂರು ಉದುರುತ್ತದೆ. ವಿದ್ಯುನ್ಮಾನ ಯಂತ್ರದಲ್ಲಿ ಕತ್ತರಿಸುವಾಗ ಮೊದಲು ತಂತ್ರಾಂಶದಲ್ಲಿ ಅಕ್ಷರಗಳನ್ನು ಒಂದಕ್ಕೊಂದು ಬೆಸೆದುಕೊಳ್ಳಬೇಕು. ಬೆಸೆಯದಿದ್ದರೆ ಅಕ್ಷರದ ಮೇಲೆ ಒತ್ತು ಹಾಯುವ ಕಡೆಯೆಲ್ಲ ಅಲಗು ಗೆರೆ ಹಾಕುತ್ತದೆ.

ಮಾರಾಟ ಮತ್ತು ಹಕ್ಕು

ಸ್ಟ್ಯಾಂಪನ್ನು ಕೊಂಡವರು ಅದರ ಚಿತ್ರದ ಹಕ್ಕನ್ನು ಕೊಂಡಂತಾಗುವುದಿಲ್ಲ, ಅದು ಕಲಾವಿದ ಅಥವಾ ಕಂಪನಿಯ ಬಳಿಯೇ ಉಳಿಯುತ್ತದೆ. ಆದರೆ ಅನೇಕ ಕಂಪನಿಗಳು ತಮ್ಮ ಸ್ಟ್ಯಾಂಪಿನಿಂದ ಮಾಡಿದ ಕಾರ್ಡುಗಳನ್ನು ಸಣ್ಣ ಪ್ರಮಾಣದಲ್ಲಿ ಮಾರಲು ಅನುಮತಿ ಕೊಡುತ್ತವೆ. ಹವ್ಯಾಸಿಗಳ ವಲಯದಲ್ಲಿ ಇದಕ್ಕೆ ಏಂಜಲ್ ಪಾಲಿಸಿ ಎನ್ನುತ್ತಾರೆ. ಷರತ್ತುಗಳು ಕಂಪನಿಯಿಂದ ಕಂಪನಿಗೆ ಬೇರೆಯಾದರೂ ಸಾಮಾನ್ಯವಾಗಿ ಇರುವುದು ಒಂದೇ ನಿಯಮ: ಪ್ರತಿ ಕಾರ್ಡಿನ ಚಿತ್ರವನ್ನೂ ಕೈಯಿಂದಲೇ ಒತ್ತಿರಬೇಕು. ಒಮ್ಮೆ ಒತ್ತಿ ಸ್ಕ್ಯಾನ್ ಅಥವಾ ಜೆರಾಕ್ಸ್ ಮಾಡಿ ಹಂಚುವಂತಿಲ್ಲ. ಕಾಗದ, ಇಂಕು, ರಬ್ಬರ್, ಉಕ್ಕು ಎಲ್ಲವೂ ಕಾರ್ಖಾನೆಯದಾದ ಈ ಕಲೆಯಲ್ಲಿ ಕೈಕೆಲಸ ಎಲ್ಲಿಂದ ಶುರುವಾಗುತ್ತದೆ ಎಂಬುದಕ್ಕೆ ವ್ಯಾಪಾರವೇ ಹಾಕಿಕೊಂಡಿರುವ ಗೆರೆ ಇದು.